ಪುಸ್ತಕ ಮೊದಲು, ಕುರ್ಚಿ ಕೊನೆಗೆ

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಳೆದವನಿಗೆ ಒಂದು ಚಾಳಿ ಅಂಟಿಕೊಂಡುಬಿಡುತ್ತದೆ. ಯಾರು ಏನೇ ಹೇಳಲಿ, ಮೊದಲು ಬಾಯಿಗೆ ಬರುವ ಪ್ರಶ್ನೆ "ತಾರೀಖು ಯಾವುದು?" ಎಂಬುದು. ಎರಡನೆಯದು "ಯಾರ ಖಾತೆಗೆ?" ಎಂಬುದು. ಕೊರೋನಾ ಕಾಲದ ಮಾತು ಬಂದಾಗ ಜನ "ಎಲ್ಲಾ ತೆರೆದ ಮೇಲೆ" ಅನ್ನುತ್ತಾರಲ್ಲ, ಆಗೆಲ್ಲ ನನಗೆ ಈ ಎರಡೂ ಪ್ರಶ್ನೆ ಕೇಳಬೇಕೆನಿಸುತ್ತದೆ. ತೆರೆದದ್ದು ಯಾವತ್ತು? ಯಾರಿಗೆ?

ಗ್ರಂಥಾಲಯಗಳ ವಿಷಯದಲ್ಲಂತೂ ಈ ಪ್ರಶ್ನೆ ಬಹಳ ಮುಖ್ಯ. ಅಂಗಡಿ ತೆರೆಯಿತು ಅಂದರೆ ತೆರೆಯಿತು, ಅಷ್ಟೆ. ಗ್ರಂಥಾಲಯ ಹಾಗಲ್ಲ. ಅದರಲ್ಲಿ ಪುಸ್ತಕ ಇದೆ, ಪತ್ರಿಕೆ ಇದೆ, ಕುರ್ಚಿ ಇದೆ, ಫ್ಯಾನು ಇದೆ, ಈಗ ಕಂಪ್ಯೂಟರೂ ಇದೆ. ಇದರಲ್ಲಿ ಯಾವುದು ತೆರೆದರೆ 'ಗ್ರಂಥಾಲಯ ತೆರೆಯಿತು' ಅನ್ನಬೇಕು? ಈ ಲೆಕ್ಕ ಬಿಡಿಸಲು ನಾನು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಉದಾಹರಣೆ ತೆಗೆದುಕೊಂಡಿದ್ದೇನೆ. ಮುಂಬೈಯಲ್ಲಿ ಕೂತು ನ್ಯೂಯಾರ್ಕಿನ ಮಾತೇಕಪ್ಪಾ ಅನ್ನಬೇಡಿ. ಎರಡೂ ಬಂದರಿನ ಊರು, ಎರಡೂ ಹೊರಗಿನಿಂದ ಬಂದವರು ಕಟ್ಟಿದ ಊರು, ಎರಡರಲ್ಲೂ ಸಾಮಾನ್ಯನ ಮನೆ ಚಿಕ್ಕದು. ಅದಕ್ಕಿಂತ ಹೆಚ್ಚಾಗಿ, ಅವರು ಒಂದೊಂದು ಹೆಜ್ಜೆಯನ್ನೂ ಸಾರಿ ಹೇಳಿ ಇಟ್ಟರು. ಹಾಗಾಗಿ ಲೆಕ್ಕ ಸಿಗುತ್ತದೆ.

ಮೊದಲು ಸ್ವಲ್ಪ ಹಳೆಯ ಕತೆ. ಆ ಗ್ರಂಥಾಲಯ ಹುಟ್ಟಿದ್ದು 1895ರಲ್ಲಿ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಅದೊಂದು ವಿಲೀನ. ಆಸ್ಟರ್ ಮತ್ತು ಲೆನಾಕ್ಸ್ ಎಂಬ ಶ್ರೀಮಂತರು ಕಟ್ಟಿದ ಎರಡು ಗ್ರಂಥಾಲಯಗಳು ಮತ್ತು ಟಿಲ್ಡನ್ ಎಂಬ ಮಾಜಿ ಗವರ್ನರ್ ಬಿಟ್ಟುಹೋದ ನಿಧಿ, ಮೂರೂ ಒಂದಾದವು. 1901ರಲ್ಲಿ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ ಇಡೀ ನ್ಯೂಯಾರ್ಕ್ ನಗರಕ್ಕೆ ಶಾಖಾ ಗ್ರಂಥಾಲಯಗಳನ್ನು ಕಟ್ಟಲು 52 ಲಕ್ಷ ಡಾಲರ್ ಕೊಡಲು ಮುಂದೆ ಬಂದ. ಆದರೆ ಒಂದು ಷರತ್ತು ಹಾಕಿದ. ಜಾಗ ನಗರ ಕೊಡಬೇಕು, ಪ್ರತಿವರ್ಷದ ಖರ್ಚನ್ನೂ ನಗರವೇ ನೋಡಿಕೊಳ್ಳಬೇಕು. ಒಳ್ಳೆಯ ಸಾಲಗಾರನಂತೆ ಒಳ್ಳೆಯ ದಾನಿಯೂ ಮುಂದಿನ ಕಂತಿನ ಬಗ್ಗೆ ಮೊದಲೇ ಯೋಚಿಸುತ್ತಾನೆ ನೋಡಿ! ಆ ಹಣದಲ್ಲಿ ಅರವತ್ತಕ್ಕೂ ಹೆಚ್ಚು ಶಾಖೆಗಳು ಎದ್ದವು. ಫಿಫ್ತ್ ಅವೆನ್ಯೂದಲ್ಲಿ ಎರಡು ಅಮೃತಶಿಲೆಯ ಸಿಂಹಗಳು ಕಾವಲು ಕೂತಿರುವ ದೊಡ್ಡ ಕಟ್ಟಡ ತೆರೆದದ್ದು 1911ರಲ್ಲಿ. ಫೋಟೋಗಳಲ್ಲಿ ನಾವು ನೋಡುವುದು ಆ ದೊಡ್ಡ ಕಟ್ಟಡವನ್ನೇ. ಆದರೆ ಹಡಗಿನಿಂದ ಇಳಿದು, ಗಾಳಿ ಬೆಳಕಿಲ್ಲದ ವಠಾರದಲ್ಲಿ ಎಂಟು ಜನರೊಡನೆ ಮಲಗುತ್ತಿದ್ದ ವಲಸಿಗನಿಗೆ ಬೇಕಾಗಿದ್ದದ್ದು ತನ್ನ ಓಣಿಯ ಶಾಖೆ. ಚಳಿಗಾಲದಲ್ಲಿ ಅಲ್ಲಿ ಬೆಚ್ಚಗಿರುತ್ತಿತ್ತು, ದೀಪ ಇರುತ್ತಿತ್ತು, ಕೂರಲು ಕುರ್ಚಿ ಇರುತ್ತಿತ್ತು. ಈ ಕುರ್ಚಿಯನ್ನು ನೆನಪಿಟ್ಟುಕೊಳ್ಳಿ.

ಪುಸ್ತಕಕ್ಕೂ ರೋಗಕ್ಕೂ ಸಂಬಂಧ ಕಟ್ಟುವ ಚಾಳಿ ಕೋವಿಡ್‌ನೊಂದಿಗೆ ಹುಟ್ಟಿದ್ದಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕ್ರಿಮಿಗಳಿಂದ ರೋಗ ಬರುತ್ತದೆ ಎಂಬುದು ಜನಸಾಮಾನ್ಯರಿಗೂ ಗೊತ್ತಾಗತೊಡಗಿದಾಗ, ಇಂಗ್ಲೆಂಡು ಅಮೆರಿಕಗಳಲ್ಲಿ ಒಂದು ದೊಡ್ಡ ದಿಗಿಲು ಹರಡಿತು. ಕ್ಷಯ, ಸಿಡುಬು, ಸ್ಕಾರ್ಲೆಟ್ ಜ್ವರ ಎಲ್ಲ ಗ್ರಂಥಾಲಯದ ಪುಸ್ತಕದ ಮೂಲಕ ಮನೆಯಿಂದ ಮನೆಗೆ ಹೋಗುತ್ತವೆ ಎಂಬ ದಿಗಿಲು. 1895ರಲ್ಲಿ ಅಮೆರಿಕದ ಒಮಾಹಾ ಊರಿನ ಗ್ರಂಥಪಾಲಕಿಯೊಬ್ಬಳು ಕ್ಷಯದಿಂದ ತೀರಿಕೊಂಡಾಗ, ಪುಸ್ತಕ ಮುಟ್ಟಿಮುಟ್ಟಿಯೇ ಅವಳಿಗೆ ರೋಗ ಬಂತೇ ಎಂಬ ಚರ್ಚೆ ಗ್ರಂಥಾಲಯದವರ ನಡುವೆಯೇ ನಡೆಯಿತು. ಪುಸ್ತಕಗಳನ್ನು ಆವಿಯಲ್ಲಿಟ್ಟರು, ಫಾರ್ಮಾಲ್ಡಿಹೈಡ್ ಹೊಗೆ ಹಾಕಿದರು, ರೋಗಿಯ ಮನೆಯಿಂದ ಬಂದದ್ದನ್ನು ಸುಟ್ಟರು. ಬ್ರಿಟನ್ನಿನಲ್ಲಿ 1907ರ ಸಾರ್ವಜನಿಕ ಆರೋಗ್ಯ ತಿದ್ದುಪಡಿ ಕಾನೂನು, ಸಾಂಕ್ರಾಮಿಕ ರೋಗ ಇರುವವರು ಸಾರ್ವಜನಿಕ ಗ್ರಂಥಾಲಯದ ಪುಸ್ತಕ ಪಡೆಯುವುದನ್ನೇ ಅಪರಾಧ ಮಾಡಿತು.

ಇಲ್ಲೊಂದು ಸೂಕ್ಷ್ಮ ಇದೆ. ದುಡ್ಡಿದ್ದವನು ಪುಸ್ತಕ ಕೊಂಡು ಓದುತ್ತಿದ್ದ. ಎರವಲು ತರುತ್ತಿದ್ದವನು ಬಡವ. ಅವನು ಮುಟ್ಟಿದ ಪುಸ್ತಕ ತನ್ನ ಮನೆಗೆ ಬರಬಾರದು ಎಂಬ ಹಿಂಜರಿಕೆಗೆ ಕ್ರಿಮಿಗಳ ಹೆಸರು ಅನುಕೂಲವಾಗಿ ಒದಗಿತು. ಮುಟ್ಟು, ಮೈಲಿಗೆ ಅಂದರೆ ಏನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಕೊನೆಗೆ ಆ ದಿಗಿಲು ತಣ್ಣಗಾದದ್ದು ಬಹಳ ಸರಳವಾದ ಒಂದು ಸಂಗತಿಯಿಂದ. ದಿನವಿಡೀ ಪುಸ್ತಕ ಮುಟ್ಟುವ ಗ್ರಂಥಾಲಯದ ನೌಕರರು ಉಳಿದವರಿಗಿಂತ ಹೆಚ್ಚು ಕಾಯಿಲೆ ಬೀಳುತ್ತಿರಲಿಲ್ಲ!

ಈಗ 2020ಕ್ಕೆ ಬರೋಣ. ಮಾರ್ಚ್ 14ರಂದು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ತನ್ನ 92 ಶಾಖೆಗಳನ್ನೂ ಒಟ್ಟಿಗೆ ಮುಚ್ಚಿತು. ಮುಚ್ಚುವುದಕ್ಕೆ ಒಂದು ದಿನ ಸಾಕಾಯಿತು. ತೆರೆಯುವುದಕ್ಕೆ? ನೋಡುತ್ತಾ ಹೋಗಿ.

ಮೊದಲ ಹೆಜ್ಜೆ ಗಾಳಿಯಲ್ಲಿ. ಇ-ಪುಸ್ತಕಗಳು, ಫೋನಿನಲ್ಲಿ ಸಲಹೆ, ಪರದೆಯ ಮೇಲೆ ಮಕ್ಕಳಿಗೆ ಕತೆ. ಮನೆಯಲ್ಲಿ ಇಂಟರ್ನೆಟ್ ಇದ್ದವರಿಗೆ ಗ್ರಂಥಾಲಯ ಮುಚ್ಚಿದ್ದೇ ಗೊತ್ತಾಗದಷ್ಟು ಅನುಕೂಲ. ಇಲ್ಲದವರಿಗೆ ಬೀಗ, ಅಷ್ಟೆ.

ಎರಡನೇ ಹೆಜ್ಜೆ ಬಾಗಿಲಿನವರೆಗೆ. 2020ರ ಜುಲೈ 13, ಸೋಮವಾರ, ಎಂಟು ಶಾಖೆಗಳು ತೆರೆದವು. 92ರಲ್ಲಿ ಎಂಟು. ಮೊದಲೇ ಫೋನಿನಲ್ಲೋ ಆನ್‌ಲೈನ್‌ನಲ್ಲೋ ಪುಸ್ತಕ ಕಾದಿರಿಸಬೇಕು, ಮಾಸ್ಕ್ ಹಾಕಿ ಬಾಗಿಲ ಹತ್ತಿರ ನಿಗದಿಯಾದ ಜಾಗಕ್ಕೆ ಬರಬೇಕು, ತೆಗೆದುಕೊಂಡು ಹೋಗಬೇಕು. ಕಪಾಟುಗಳ ನಡುವೆ ಓಡಾಡುವಂತಿಲ್ಲ, ಕೂರುವಂತಿಲ್ಲ, ಕಂಪ್ಯೂಟರ್ ಇಲ್ಲ. ಆ ಹೊತ್ತಿಗೆ ಫಿಫ್ತ್ ಅವೆನ್ಯೂದ ಸಿಂಹಗಳಿಗೂ ದೊಡ್ಡ ಮಾಸ್ಕ್ ಕಟ್ಟಿದ್ದರು. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಮೇಯರ್ ಲಾಗಾರ್ಡಿಯಾ ಆ ಸಿಂಹಗಳಿಗೆ ಇಟ್ಟ ಹೆಸರು ತಾಳ್ಮೆ ಮತ್ತು ಧೈರ್ಯ ಎಂಬ ಅರ್ಥದವು. ಹೆಸರು ಸರಿಯಾಗಿಯೇ ಉಪಯೋಗಕ್ಕೆ ಬಂತು.

ಮೂರನೆಯದು ವಿಸ್ತಾರ. ತಿಂಗಳುಗಳು ಕಳೆದಂತೆ ಇನ್ನಷ್ಟು ಶಾಖೆಗಳು ಇದೇ ಬಾಗಿಲ ಸೇವೆಗೆ ಸೇರಿಕೊಂಡವು. ಸಂಶೋಧಕರಿಗೆ ಬೇಕಾದ ಪುಟಗಳನ್ನು ಸ್ಕ್ಯಾನ್ ಮಾಡಿ ಕಳಿಸಿದರು, ಆಮೇಲೆ ಮೊದಲೇ ಸಮಯ ಗೊತ್ತುಮಾಡಿಕೊಂಡವರನ್ನು ಒಳಗೆ ಬಿಟ್ಟರು. ನಾಲ್ಕನೆಯದು 2021ರ ವಸಂತದಲ್ಲಿ. ಲಸಿಕೆ ಬಂದ ಮೇಲೆ ಕೆಲವು ಶಾಖೆಗಳಲ್ಲಿ ಕಪಾಟು ನೋಡಲು, ಸ್ವಲ್ಪ ಹೊತ್ತು ಕಂಪ್ಯೂಟರ್ ಬಳಸಲು ಅವಕಾಶ. ಕುರ್ಚಿ, ಮೇಜು, ಎಷ್ಟು ಹೊತ್ತಾದರೂ ಕೂರಬಹುದಾದ ಹಳೆಯ ಗ್ರಂಥಾಲಯ ಹೆಚ್ಚುಕಡಿಮೆ ಮರಳಿ ಬಂದದ್ದು 2021ರ ಜುಲೈ ಆರಂಭದಲ್ಲಿ. ಅಂದರೆ ಸುಮಾರು ಹದಿನಾರು ತಿಂಗಳು.

ಪಟ್ಟಿಯನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ ಓದಿ. ಮೊದಲು ಇಂಟರ್ನೆಟ್ ಇದ್ದವನಿಗೆ. ಆಮೇಲೆ ಪುಸ್ತಕ ಒಯ್ದು ಓದಲು ಮನೆಯಲ್ಲಿ ಜಾಗ ಇದ್ದವನಿಗೆ. ಎಲ್ಲರಿಗಿಂತ ಕೊನೆಗೆ, ಮನೆಯಲ್ಲಿ ಜಾಗವೂ ಇಲ್ಲ ಕಂಪ್ಯೂಟರೂ ಇಲ್ಲ ಎಂಬ ಕಾರಣಕ್ಕೇ ಗ್ರಂಥಾಲಯಕ್ಕೆ ಬರುತ್ತಿದ್ದವನಿಗೆ. ಸರತಿ ಸಾಲು ತಲೆಕೆಳಗಾಗಿ ನಿಂತಂತೆ.

ಹಾಗಂತ ಗ್ರಂಥಾಲಯದವರನ್ನು ದೂರುವುದು ನ್ಯಾಯವಲ್ಲ. 2020ರಲ್ಲಿ ಅವರ ಮೊದಲ ಭಯವೂ ಪುಸ್ತಕದ ಮೇಲೆಯೇ ಇತ್ತು, 1895ರಲ್ಲಿದ್ದಂತೆಯೇ. ಜಗತ್ತಿನಾದ್ಯಂತ ಗ್ರಂಥಾಲಯಗಳು ವಾಪಸು ಬಂದ ಪುಸ್ತಕಗಳನ್ನು ಮೂರು ದಿನ, ನಾಲ್ಕು ದಿನ ಕ್ವಾರಂಟೈನಿನಲ್ಲಿ ಇಟ್ಟವು. ಓಸಿಎಲ್‌ಸಿ ಎಂಬ ಗ್ರಂಥಾಲಯಗಳ ಸಹಕಾರಿ ಸಂಸ್ಥೆ ಬ್ಯಾಟೆಲ್ ಎಂಬ ಸಂಶೋಧನಾ ಸಂಸ್ಥೆಯೊಂದಿಗೆ ಸೇರಿ ಪರೀಕ್ಷೆಯನ್ನೂ ನಡೆಸಿತು. ಮೇಲೆ ಬೇರೆ ಪುಸ್ತಕ ಇಲ್ಲದೆ ಬಿಡಿಬಿಡಿಯಾಗಿಟ್ಟ ಪುಸ್ತಕಗಳಲ್ಲಿ ಮೂರು ದಿನದ ಹೊತ್ತಿಗೆ ವೈರಾಣು ಕಾಣಿಸಲಿಲ್ಲ. ಒಂದರ ಮೇಲೊಂದು ಪೇರಿಸಿಟ್ಟಾಗ ಆರು ದಿನದ ಮೇಲೂ ಕಾಣಿಸಿತು. ಗ್ರಂಥಪಾಲಕರು ಪಾಪ, ಪೇರಿಸುವುದೋ ಹರಡುವುದೋ ಅಂತ ತಲೆ ಕೆಡಿಸಿಕೊಂಡರು. ಕೊನೆಗೆ 2021ರ ಏಪ್ರಿಲ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸ್ಪಷ್ಟವಾಗಿ ಹೇಳಿತು. ಸೋಂಕಿರುವ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ರೋಗ ಬರುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಪುಸ್ತಕ ಎರಡನೇ ಸಲ ನಿರ್ದೋಷಿ ಅಂತ ಬಿಡುಗಡೆಯಾಯಿತು.

ಅಪಾಯ ಇದ್ದದ್ದು ಗಾಳಿಯಲ್ಲಿ. ಮುಚ್ಚಿದ ಕೋಣೆಯಲ್ಲಿ ಅನೇಕರು ಗಂಟೆಗಟ್ಟಲೆ ಕೂರುವುದರಲ್ಲಿ. ಅಂದರೆ ಅದೇ ಕುರ್ಚಿಯಲ್ಲಿ! ಹಾಗಾಗಿ ಕುರ್ಚಿಯನ್ನು ಕೊನೆಗೆ ಕೊಟ್ಟದ್ದು ಆರೋಗ್ಯದ ಲೆಕ್ಕದಲ್ಲಿ ಸರಿಯೇ. ಆದರೆ ನಮ್ಮ ಕೆಲಸದಲ್ಲಿ ಎರಡು ಬದಿಯ ಲೆಕ್ಕ ಬರೆಯುವುದು ಅಭ್ಯಾಸ. ಒಂದು ಕಡೆ ಜಮೆ ಬಿದ್ದರೆ ಇನ್ನೊಂದು ಕಡೆ ಯಾರದೋ ಖರ್ಚು. ಊರಿನ ಆರೋಗ್ಯ ಜಮೆಯಾಯಿತು, ಖರ್ಚು ಯಾರ ಖಾತೆಗೆ ಬಿತ್ತು? ಕುರ್ಚಿ ಮಾತ್ರ ಬೇಕಾಗಿದ್ದವನ ಖಾತೆಗೆ.

ಇದನ್ನು ನಾನು ಮುಂಬೈಯಲ್ಲಿ ಕಣ್ಣಾರೆ ನೋಡಿದ್ದೇನೆ. ಇಲ್ಲಿ ಲೋಕಲ್ ರೈಲು ಮಾರ್ಚ್ 2020ರಲ್ಲಿ ನಿಂತಿತು. ಜೂನ್ 15ರಿಂದ ಅಗತ್ಯ ಸೇವೆಯವರಿಗೆ, ಜುಲೈಯಿಂದ ನಮ್ಮಂಥ ರಾಷ್ಟ್ರೀಕೃತ ಬ್ಯಾಂಕಿನವರಿಗೂ ಹತ್ತಲು ಬಿಟ್ಟರು. ಮಹಾರಾಷ್ಟ್ರ ಸರ್ಕಾರ ಗ್ರಂಥಾಲಯಗಳಿಗೆ ಅನುಮತಿ ಕೊಟ್ಟದ್ದು ಅಕ್ಟೋಬರ್ 15ರಿಂದ, ಮೆಟ್ರೋಗೆ ಅನುಮತಿ ಕೊಟ್ಟ ಅದೇ ಆದೇಶದಲ್ಲಿ. ಆದರೆ ಸಾಮಾನ್ಯರಿಗೆ ಲೋಕಲ್ ಇನ್ನೂ ಇರಲಿಲ್ಲ. ಹೆಂಗಸರಿಗೆ ಅಕ್ಟೋಬರ್ 21ರಿಂದ ದಟ್ಟಣೆ ಇಲ್ಲದ ಹೊತ್ತಿನಲ್ಲಿ, ಎಲ್ಲರಿಗೂ 2021ರ ಫೆಬ್ರವರಿ 1ರಿಂದ, ಅದೂ ಬೆಳಿಗ್ಗೆ ಏಳರ ಮೊದಲು, ಮಧ್ಯಾಹ್ನ ಹನ್ನೆರಡರಿಂದ ನಾಲ್ಕು, ರಾತ್ರಿ ಒಂಬತ್ತರ ನಂತರ. ಡೊಂಬಿವಲಿಯ ಓದುಗನಿಗೆ ದಾದರಿನ ಗ್ರಂಥಾಲಯ ತೆರೆದರೇನು, ಮುಚ್ಚಿದರೇನು?

ನಮ್ಮ ಉಪನಗರದ ಗ್ರಂಥಾಲಯವೊಂದರಲ್ಲಿ ನವೆಂಬರಿನಲ್ಲಿ ಪುಸ್ತಕ ಬದಲಿಸುವ ಕೌಂಟರ್ ತೆರೆದಿತ್ತು. ಒಳಗೆ ಓದುವ ಕೋಣೆಯ ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಿ, ಅಡ್ಡಲಾಗಿ ಹಗ್ಗ ಕಟ್ಟಿದ್ದರು. ಹೊರಗೆ ಮೆಟ್ಟಿಲ ಮೇಲೆ ಇಬ್ಬರು ಹುಡುಗರು, ನಡುವೆ ನಾಲ್ಕಡಿ ಬಿಟ್ಟು, ತೊಡೆಯ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಯ ದಪ್ಪ ಪುಸ್ತಕ ಇಟ್ಟುಕೊಂಡು ಓದುತ್ತಿದ್ದರು. ಪುಸ್ತಕ ಅವರದೇ. ಗ್ರಂಥಾಲಯದಿಂದ ಅವರಿಗೆ ಪುಸ್ತಕ ಬೇಕಾಗಿಯೇ ಇರಲಿಲ್ಲ! "ಮನೆಯಲ್ಲಿ ಓದಬಹುದಲ್ಲ" ಅಂತ ಕೇಳಿದೆ. ಒಬ್ಬ ನಕ್ಕು, "ಕಾಕಾ, ಹತ್ತು ಬೈ ಹನ್ನೆರಡರ ಖೋಲಿ, ಆರು ಜನ, ಒಂದು ಟಿವಿ" ಅಂದ. ಮುಂಬೈಯವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ಇಲ್ಲಿ 'ಅಭ್ಯಾಸಿಕಾ' ಎಂಬ ಓದುವ ಕೋಣೆಗಳು ಹುಟ್ಟಿದ್ದೇ ಈ ಕಾರಣಕ್ಕೆ. ಅಲ್ಲಿ ಬಾಡಿಗೆಗೆ ಸಿಗುವುದು ಪುಸ್ತಕ ಅಲ್ಲ, ಮೌನ.

ನಮ್ಮವರಿಗೂ ಇದು ಹೊಸದಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಹಿರಿಯರನ್ನು ಕೇಳಿ ನೋಡಿ. ಅವರಿಗೆ ಆ ಶಾಲೆ ಕೊಟ್ಟದ್ದು ಪಾಠ ಮಾತ್ರವಲ್ಲ, ದೀಪದ ಕೆಳಗೆ ಒಂದು ಬೆಂಚು ಕೂಡ. ಹೋಟೆಲಿನ ಅಟ್ಟದ ಮೇಲೆ ಎಂಟು ಹಾಸಿಗೆಗಳ ನಡುವೆ ಆ ಬೆಂಚು ಎಲ್ಲಿ ಸಿಗಬೇಕಿತ್ತು?

ನ್ಯೂಯಾರ್ಕಿನಲ್ಲೂ ಇದೇ ಕತೆ, ಮೆಟ್ಟಿಲು ಮಾತ್ರ ಬೇರೆ. ಬೀಗ ಹಾಕಿದ ಕಟ್ಟಡದ ವೈ-ಫೈ ಕಾಲುದಾರಿಯವರೆಗೆ ಬರುತ್ತಿತ್ತು. ಮಾರ್ಚ್ 2020ರಲ್ಲೇ ಅಮೆರಿಕದ ಸಂಪರ್ಕ ಆಯೋಗ, ಮುಚ್ಚಿದ ಗ್ರಂಥಾಲಯಗಳು ತಮ್ಮ ವೈ-ಫೈಯನ್ನು ಹೊರಗಿನವರಿಗೆ ಬಿಡಬಹುದು ಎಂದು ಸ್ಪಷ್ಟಪಡಿಸಿತು. ಪಕ್ಕದ ಬ್ರೂಕ್ಲಿನ್ ಗ್ರಂಥಾಲಯ ಸಿಗ್ನಲ್ ಇನ್ನೂ ದೂರ ಹೋಗಲೆಂದು ಚಾವಣಿಗಳ ಮೇಲೆ ಆಂಟೆನಾ ಹಾಕಿಸಿತು. ಕುರ್ಚಿ ಕೊಡಲಾಗದಿದ್ದರೆ ಮೆಟ್ಟಿಲನ್ನಾದರೂ ಕೊಡೋಣ ಎಂಬ ಈ ಬುದ್ಧಿ ನನಗೆ ಬಹಳ ಹಿಡಿಸಿತು.

ನಮ್ಮ ಕರ್ನಾಟಕದಲ್ಲೂ ಆ ಸಮಯದಲ್ಲಿ ಒಂದು ಒಳ್ಳೆಯ ಕೆಲಸ ಆಯಿತು. 2020ರ ನವೆಂಬರ್ 14, ಮಕ್ಕಳ ದಿನಾಚರಣೆ. ಶಾಲೆಗಳು ಇನ್ನೂ ಮುಚ್ಚಿದ್ದವು. ಆಗ ಗ್ರಾಮೀಣಾಭಿವೃದ್ಧಿ ಇಲಾಖೆ 'ಓದುವ ಬೆಳಕು' ಎಂಬ ಕಾರ್ಯಕ್ರಮ ಶುರುಮಾಡಿ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಎಲ್ಲ ಕಡೆ ಸರತಿಯ ಕೊನೆಯಲ್ಲಿ ನಿಂತವನನ್ನು, ಅಂದರೆ ಹಳ್ಳಿಯ ಮಗುವನ್ನು, ಮುಂದೆ ಕರೆದದ್ದು ಇದು. ಕರ್ನಾಟಕದಲ್ಲಿ 1965ರ ಕಾಯ್ದೆಯಿಂದ ಗ್ರಂಥಾಲಯ ಕರ ಇದೆ, ಆಸ್ತಿ ತೆರಿಗೆಯ ಜೊತೆ ವಸೂಲಾಗುತ್ತದೆ. ಮಹಾರಾಷ್ಟ್ರದ 1967ರ ಕಾಯ್ದೆಯಲ್ಲಿ ಆ ಕರ ಇಲ್ಲ. ಇಲ್ಲಿ ಸಂಘ ಸಂಸ್ಥೆಗಳು ನಡೆಸುವ ಗ್ರಂಥಾಲಯಗಳಿಗೆ ಸರ್ಕಾರದ ಅನುದಾನ ಸಿಗುತ್ತದೆ. ಉಳಿದದ್ದು ಚಂದಾ, ದೇಣಿಗೆ, ನಾಲ್ಕು ಜನರ ಉತ್ಸಾಹ. ಕಾರ್ನೆಗಿಯ ಷರತ್ತಿನ ಅರ್ಥ ಇಂಥ ಕಾಲದಲ್ಲಿ ಹೊಳೆಯುತ್ತದೆ. ಕಟ್ಟಡ ಯಾರೂ ಕಟ್ಟಿಸಿಯಾರು, ಬೀಗ ತೆರೆಯುವವನ ಸಂಬಳದ ಬಗ್ಗೆ ಮೊದಲೇ ಯೋಚಿಸಿದವರು ಕಡಿಮೆ.

ಇನ್ನು ಕೊನೆಯ ಹೆಜ್ಜೆ. ಬ್ಯಾಂಕಿನವನಾಗಿ ನನ್ನನ್ನು ಈ ಕತೆಗೆ ಎಳೆದದ್ದೇ ಅದು. 2020ರ ಮಾರ್ಚ್ 27ರಂದು ನಮ್ಮ ರಿಸರ್ವ್ ಬ್ಯಾಂಕು ಸಾಲದ ಕಂತುಗಳಿಗೆ ಮೂರು ತಿಂಗಳ ವಿರಾಮ ಕೊಡಲು ಬ್ಯಾಂಕುಗಳಿಗೆ ಅನುಮತಿಸಿತು, ಆಮೇಲೆ ಆಗಸ್ಟ್ 31ರವರೆಗೆ ಬೆಳೆಸಿತು. ಕಂತು ನಿಂತರೂ ಬಡ್ಡಿ ಓಡುತ್ತಲೇ ಇತ್ತು. ಬಡ್ಡಿಯ ಮೇಲಿನ ಬಡ್ಡಿ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2021ರ ಮಾರ್ಚ್‌ನಲ್ಲಿ ತೀರ್ಮಾನವಾಯಿತು. ಅದೇ ಮಾರ್ಚ್ 2020ರಲ್ಲಿ ನ್ಯೂಯಾರ್ಕಿನ ಗ್ರಂಥಾಲಯಗಳೂ ಒಂದು ವಿರಾಮ ಕೊಟ್ಟವು. ಪುಸ್ತಕ ತಡವಾದರೆ ದಂಡ ಇಲ್ಲ. ಬಾಗಿಲು ಮುಚ್ಚಿರುವಾಗ ವಾಪಸು ಕೊಡುವುದಾದರೂ ಎಲ್ಲಿಗೆ?

ಆದರೆ ಬಾಗಿಲು ತೆರೆದ ಮೇಲೆ ಅವರು ಆ ದಂಡವನ್ನು ಮತ್ತೆ ಶುರು ಮಾಡಲಿಲ್ಲ. 2021ರ ಅಕ್ಟೋಬರ್ 5ರಂದು ನ್ಯೂಯಾರ್ಕ್, ಬ್ರೂಕ್ಲಿನ್, ಕ್ವೀನ್ಸ್ ಮೂರೂ ಗ್ರಂಥಾಲಯ ವ್ಯವಸ್ಥೆಗಳು ತಡದಂಡವನ್ನು ಶಾಶ್ವತವಾಗಿ ಕೈಬಿಟ್ಟು, ಹಳೆಯ ಬಾಕಿಯನ್ನೂ ಅಳಿಸಿಹಾಕಿದವು. ಅದಕ್ಕೆ ಕಾರಣವಾದ ಲೆಕ್ಕ ಹೀಗಿತ್ತು. ದಂಡ 15 ಡಾಲರ್ ಮುಟ್ಟಿದರೆ ಕಾರ್ಡು ಬಂದ್. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿ ದೊಡ್ಡವರ ಪುಸ್ತಕಕ್ಕೆ ದಿನಕ್ಕೆ 25 ಸೆಂಟ್. ಅಂದರೆ ಮೂರು ಪುಸ್ತಕ ಇಪ್ಪತ್ತು ದಿನ ತಡವಾದರೆ ಆಟ ಮುಗಿಯಿತು. ಹೀಗೆ ಕಾರ್ಡು ಬಂದ್ ಆದವರು ನಗರದಲ್ಲಿ ಸುಮಾರು 4 ಲಕ್ಷ ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಬಡ ಬಡಾವಣೆಗಳವರು.

ಅಂದರೆ ಈ 4 ಲಕ್ಷ ಜನರಿಗೆ ಪುಸ್ತಕದ ಕೌಂಟರ್ ಮುಚ್ಚಿದ್ದು 2020ರ ಮಾರ್ಚ್ 14ರಂದಲ್ಲ, ಅದಕ್ಕೂ ಮೊದಲೇ! ಮಹಾಮಾರಿ ಬಂದು ಎಲ್ಲರನ್ನೂ ಒಟ್ಟಿಗೆ ಹೊರಗೆ ನಿಲ್ಲಿಸಿದಾಗ, ಅಲ್ಲಿ ಮೊದಲಿನಿಂದಲೂ ನಿಂತವರು ಕಣ್ಣಿಗೆ ಬಿದ್ದರು.

ಸಾಲ ಬಾಕಿ ಇರುವವನ ನಡಿಗೆ ನನಗೆ ಚೆನ್ನಾಗಿ ಗೊತ್ತು. ದೊಡ್ಡ ಬಾಕಿದಾರ ಎದೆಯುಬ್ಬಿಸಿ ಮ್ಯಾನೇಜರ್ ಕೋಣೆಗೆ ಬರುತ್ತಾನೆ. ಎರಡು ಕಂತು ತಪ್ಪಿದ ಬಡವ ಶಾಖೆ ಇರುವ ರಸ್ತೆಯನ್ನೇ ಬಿಟ್ಟು ಸುತ್ತಿ ಹೋಗುತ್ತಾನೆ. ಅವನನ್ನು ದೂರ ಇಡುವುದು ಬಡ್ಡಿಗಿಂತ ನಾಚಿಕೆ. ಬ್ಯಾಂಕು ಠೇವಣಿದಾರರ ಹಣವನ್ನು ಹಾಗೆ ಬಿಡುವಂತಿಲ್ಲ, ಅದು ನಮ್ಮ ಧರ್ಮ. ಆದರೆ ಗ್ರಂಥಾಲಯದ ಆಸ್ತಿ ಪುಸ್ತಕವಲ್ಲ, ಓದುಗ. ಮೂರು ಪುಸ್ತಕದ ದಂಡಕ್ಕಾಗಿ ಓದುಗನನ್ನು ಕಳೆದುಕೊಳ್ಳುವುದು ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಲಾಭ ಅಲ್ಲ. ದಂಡ ತೆಗೆದ ಮೇಲೆ ಜನ ಪುಸ್ತಕ ಇಟ್ಟುಕೊಂಡುಬಿಟ್ಟರೇ ಅಂದರೆ, ಇಲ್ಲ. ಮುಂದಿನ ತಿಂಗಳುಗಳಲ್ಲಿ ಕಳೆದೇ ಹೋದವು ಎಂದುಕೊಂಡಿದ್ದ ಹತ್ತಾರು ಸಾವಿರ ಪುಸ್ತಕಗಳು ಮರಳಿ ಬಂದವು. ನಾವು ಬ್ಯಾಂಕಿನವರು ಕನಸಿನಲ್ಲೂ ಕಾಣದ ವಸೂಲಿ!

ಈಗ ಮೊದಲಿನ ಪ್ರಶ್ನೆಗೆ ಉತ್ತರ ಕೊಡಬಹುದು. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ತೆರೆದದ್ದು ಯಾವತ್ತು? ಪುಸ್ತಕ ಮಾತ್ರ ಬೇಕಿದ್ದವನಿಗೆ ಜುಲೈ 13, 2020. ಕುರ್ಚಿ ಬೇಕಿದ್ದವನಿಗೆ ಜುಲೈ 2021. ಕಾರ್ಡು ಬಂದ್ ಆಗಿದ್ದವನಿಗೆ ಅಕ್ಟೋಬರ್ 5, 2021. ಒಂದೇ ಕಟ್ಟಡ, ಮೂರು ತಾರೀಖು. ಇದರಲ್ಲಿ ಕೊನೆಯದನ್ನೇ ನಾನು ನಿಜವಾದ ತಾರೀಖು ಅನ್ನುತ್ತೇನೆ.

ಮುಂಬೈಯಲ್ಲಿ 2021ರ ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದು ನಮ್ಮ ಉಪನಗರದ ಆ ಗ್ರಂಥಾಲಯ ಮತ್ತೆ ಬಾಗಿಲು ಎಳೆದುಕೊಂಡಿತು. ಆಮೇಲೆ ಮತ್ತೆ ತೆರೆಯಿತು. ಪುಸ್ತಕದ ಕೌಂಟರ್ ಸರಿಹೋಯಿತು. ಓದುವ ಕೋಣೆಯಲ್ಲಿ ಮಾತ್ರ ಮೊದಲಿದ್ದಷ್ಟು ಕುರ್ಚಿ ಮರಳಲಿಲ್ಲ. ಅಂತರಕ್ಕೆಂದು ತೆಗೆದವು ಗೋದಾಮಿನಲ್ಲೇ ಉಳಿದವು, ಯಾರೂ ಕೇಳಲಿಲ್ಲ.

ಮುಂಬೈ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿ ಎಲ್ಲ ಕಡೆ ನಮ್ಮ ಕನ್ನಡ ಸಂಘಗಳಲ್ಲಿ ಒಂದೊಂದು ಪುಸ್ತಕದ ಕೋಣೆ ಇರುತ್ತದೆ. ಕನ್ನಡ ಪುಸ್ತಕ ಎರವಲು ಪಡೆಯುವವರು ಕಡಿಮೆಯಾದರು ಅಂತ ವಾರ್ಷಿಕ ಸಭೆಯಲ್ಲಿ ಪ್ರತಿಸಲ ಕೊರಗುತ್ತೇವೆ. ಕೊರಗೋಣ, ತಪ್ಪಿಲ್ಲ. ಆದರೆ ಆ ಕೋಣೆಯಲ್ಲಿ ಎಷ್ಟು ಕುರ್ಚಿ ಇದೆ, ಸಂಜೆ ಎಷ್ಟು ಹೊತ್ತಿನವರೆಗೆ ದೀಪ ಉರಿಯುತ್ತದೆ, ಹಳೆಯ ಬಾಕಿ ಇರುವವನು ನಾಚದೆ ಒಳಗೆ ಬರಬಹುದೇ ಎಂಬುದನ್ನೂ ಒಮ್ಮೆ ಎಣಿಸಿ ನೋಡಿ. ಪುಸ್ತಕಗಳ ಸ್ಟಾಕ್ ರಿಜಿಸ್ಟರ್ ಎಲ್ಲರ ಹತ್ತಿರವೂ ಇದೆ. ಕುರ್ಚಿಗಳದ್ದು ಇದೆಯೇ?